ಭಾಮೈದನ ಆಂಪು

ಆಂಪ್ಲಿಫೈಯರನ್ನು ಹಿಂದಿನ ಕೋಣೆಯ ಮೂಲೆಯಿಂದ ಎತ್ತಿದಾಗ ನೆಲದ ಮೇಲೆ ಅದರ ಅಳತೆಯ ಒಂದು ಚೌಕ ಉಳಿಯಿತು. ಸುತ್ತಲಿನ ನೆಲ ಒರೆಸಿ ಒರೆಸಿ ಮಾಸಿತ್ತು, ಚೌಕದೊಳಗಿನದು ಮಾತ್ರ ಮನೆ ಕಟ್ಟಿದ ದಿನದ ಬಣ್ಣದಲ್ಲೇ ಇತ್ತು. ಗುಂಯ್‌ರಾಯ ಆಂಪನ್ನು ಎದೆಗೆ ಅವಚಿಕೊಂಡು ಆ ಚೌಕವನ್ನೇ ನೋಡುತ್ತ ನಿಂತ. ಇಪ್ಪತ್ತು ಕಿಲೋ ಭಾರ ಹೊತ್ತುಕೊಂಡು ಹಾಗೆ ನಿಲ್ಲುವುದು ಐವತ್ತೈದು ದಾಟಿದವರು ಮಾಡುವ ಕೆಲಸವಲ್ಲ. ಸೊಂಟ ಕಟಕ್ ಎಂದಾಗಲೇ ಅವನಿಗೆ ಎಚ್ಚರವಾದದ್ದು.

ಗುಂಯ್‌ರಾಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕಟ್ಟಿಕೊಂಡವಳು ಇಟ್ಟದ್ದು. ಅವನು ಲಿಫ್ಟ್ ರಿಪೇರಿಯವನು. ವಾರದಲ್ಲಿ ಆರು ದಿನ ಎತ್ತರದ ಕಟ್ಟಡಗಳ ನೆತ್ತಿಯ ಮೇಲಿನ ಮೋಟಾರು ಕೋಣೆಗಳಲ್ಲಿ ಗ್ರೀಸು ಮೆತ್ತಿಕೊಂಡು ಕೂರುವವನು ಏಳನೆಯ ದಿನ ಮಧ್ಯಾಹ್ನ ಬೇಸ್ ಗಿಟಾರ್ ಹಿಡಿಯುತ್ತಿದ್ದ. ಗಿಟಾರಿಗೆ ಅಣ್ಣನಂಥ ವಾದ್ಯ ಅದು. ತಂತಿ ನಾಲ್ಕೇ, ಆದರೆ ದಪ್ಪ; ಸ್ವರ ತಗ್ಗು. ಹಾಡಿನಲ್ಲಿ ಅದು ಇದ್ದರೆ ಯಾರೂ ಗಮನಿಸುವುದಿಲ್ಲ, ಇಲ್ಲದಿದ್ದರೆ ಏನೋ ಕಡಿಮೆಯಾಗಿದೆಯಲ್ಲ ಎಂದು ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ಅವನ ಹೆಂಡತಿಗಂತೂ ಅದರಿಂದ ಕೇಳಿಸುತ್ತಿದ್ದದ್ದು ಒಂದೇ ಶಬ್ದ, ಗುಂಯ್. ಮದುವೆಯಾದ ಹೊಸದರಲ್ಲಿ ಅವಳು ತಮಾಷೆಗೆ ಕರೆದದ್ದು ಮೂವತ್ತು ವರ್ಷ ಅಂಟಿಕೊಂಡಿತು.

ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದವರು ಮೂವರು: ಗುಂಯ್‌ರಾಯ, ಒಂದು ಶಾಲೆಯಲ್ಲಿ ಮಕ್ಕಳನ್ನು ಓಡಿಸುವ ಪಿ.ಟಿ. ಮೇಷ್ಟ್ರು, ಮತ್ತು ಭಾಮೈದ. ಮೇಷ್ಟ್ರದು ಡ್ರಮ್ಸ್. ಇಡೀ ವಾರ ಸೀಟಿ ಊದಿದರೂ ತೀರದ ಸಿಟ್ಟನ್ನೆಲ್ಲ ಅವರು ಅದರ ಮೇಲೆ ತೀರಿಸಿಕೊಳ್ಳುತ್ತಿದ್ದರು. ಭಾಮೈದನೆಂದರೆ ಹೆಂಡತಿಯ ಒಡಹುಟ್ಟಿದ ತಮ್ಮ. ಕನ್ನಡಕದಂಗಡಿಯ ಹಿಂಭಾಗದಲ್ಲಿ ಗಾಜು ಉಜ್ಜುವ ಕೆಲಸ. ಮೂವರಲ್ಲಿ ನಿಜವಾಗಿ ಕೈಯಲ್ಲಿ ಸಂಗೀತ ಇದ್ದವನು ಅವನೊಬ್ಬನೇ. ಗಿಟಾರ್ ಅವನದು, ಅದರ ದನಿ ಏರಿಸುವ ಈ ಆಂಪೂ ಅವನದೇ. ಗಿಟಾರನ್ನು ಬೆನ್ನಿಗೆ ಹಾಕಿಕೊಂಡು ಬರುತ್ತಿದ್ದ, ಹೋಗುತ್ತಿದ್ದ; ಆಂಪ್ ಮಾತ್ರ ಹತ್ತೊಂಬತ್ತು ವರ್ಷ ಭಾವನ ಮನೆಯಲ್ಲೇ ಠಿಕಾಣಿ ಹೂಡಿತ್ತು.

ಬಂದವನು ಮೊದಲ ಅರ್ಧ ಗಂಟೆಯನ್ನು ಆಂಪಿನ ಮೂರು ಗುಂಡಿ ತಿರುಗಿಸುವುದರಲ್ಲೇ ಕಳೆಯುತ್ತಿದ್ದ. ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ. "ಹೋದ ವಾರದ ದನಿ ಸಿಗ್ತಿಲ್ಲ ಭಾವ" ಎಂದು ಮುಖ ಹುಳ್ಳಗೆ ಮಾಡುತ್ತಿದ್ದ. ಒಂದು ಭಾನುವಾರ ಅಕ್ಕನ ಸಹನೆ ಕೆಟ್ಟಿತು. ಸದ್ಯ ದನಿ ಸರಿಹೋಯಿತು ಎಂದು ಅವನು ತಲೆಯಾಡಿಸಿದ್ದೇ ತಡ, ಉಗುರುಬಣ್ಣದ ಸೀಸೆ ಹಿಡಿದು ಬಂದವಳು ಮೂರು ಗುಂಡಿಗಳ ಮೊನೆ ಎಲ್ಲೆಲ್ಲಿ ನಿಂತಿತ್ತೋ ಅಲ್ಲಲ್ಲಿ ಒಂದೊಂದು ಕೆಂಪು ಚುಕ್ಕಿ ಇಟ್ಟಳು.

"ಇನ್ನು ಈ ಚುಕ್ಕಿಯಿಂದ ಅಲುಗಿಸಿದವರಿಗೆ ಟೀ ಇಲ್ಲ," ಎಂದಳು.

ಅವಳ ಟೀ ಬಿಟ್ಟು ಬಾರಿಸುವ ಗಂಡೆದೆ ಅಲ್ಲಿ ಯಾರಿಗೂ ಇರಲಿಲ್ಲ. ಅಂದಿನಿಂದ ಗುಂಡಿಗಳು ಕದಲಲಿಲ್ಲ.

ಅವಳಿಗೆ ಸಂಗೀತದ ಗಂಧಗಾಳಿಯೂ ಇರಲಿಲ್ಲ. ಆದರೆ ಅವರು ಬಾರಿಸುತ್ತಿದ್ದ ಮೂರನೆಯ ಹಾಡಿನ ನಡುವೆ ಒಂದು ಜಾಗ ಬರುತ್ತಿತ್ತು. ನಾಲ್ಕೆಣಿಕೆಯ ಎಂಟು ಸುತ್ತು, ಗಡಿಯಾರ ಹಿಡಿದು ನೋಡಿದರೆ ಇಪ್ಪತ್ತು ಸೆಕೆಂಡು. ಅಲ್ಲಿ ಬೇಸ್ ಬಾಯಿ ಮುಚ್ಚುತ್ತದೆ, ಡ್ರಮ್ಸ್ ಪಿಸುಗುಡುತ್ತದೆ, ಭಾಮೈದನ ಗಿಟಾರ್ ಒಂದೇ ಮೇಲೆದ್ದು ಹೋಗಿ ಮೆಲ್ಲಗೆ ಇಳಿಯುತ್ತದೆ. ಮನೆಯಲ್ಲಿ ಎಲ್ಲಿದ್ದರೂ ಆ ಹೊತ್ತಿಗೆ ಅವಳು ಒದ್ದೆ ಕೈಯಲ್ಲೇ ಬಂದು ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಎಂಟನೆಯ ಸುತ್ತು ಮುಗಿದದ್ದೇ ಉಸಿರೆತ್ತದೆ ವಾಪಸು ಹೋಗುತ್ತಿದ್ದಳು. ಅದರ ಬಗ್ಗೆ ಅವಳೂ ಮಾತಾಡಲಿಲ್ಲ, ಇವರೂ ಕೇಳಲಿಲ್ಲ.

ಎರಡು ವರ್ಷದ ಹಿಂದೆ ಅವಳು ತೀರಿಕೊಂಡಳು. ಮೂರು ತಿಂಗಳ ಕಾಯಿಲೆ, ಅಷ್ಟೇ. ಆಮೇಲೆ ಭಾಮೈದ ನಾಲ್ಕು ಭಾನುವಾರ ಬಂದ. ನಾಲ್ಕನೆಯ ವಾರ, ಮೂರನೆಯ ಹಾಡಿನ ಆ ಜಾಗ ಬರುವ ಮೊದಲೇ, ತಂತಿಯ ಶ್ರುತಿ ಇಳಿದಿದೆ ಎಂದು ನಿಲ್ಲಿಸಿಬಿಟ್ಟ. ಐದನೆಯ ವಾರ ಅಂಗಡಿಯಲ್ಲಿ ಕೆಲಸ, ಆರನೆಯ ವಾರ ಬೆನ್ನುನೋವು. ಬರುಬರುತ್ತ ನೆಪ ಹೇಳುವುದನ್ನೂ ಬಿಟ್ಟ. ಒಂದು ಜಗಳ ಆಗಿದ್ದರೆ ರಾಜಿಯನ್ನಾದರೂ ಮಾಡಬಹುದಿತ್ತು. ಜಗಳ ಆಗಲಿಲ್ಲ. ಭಾವ ಭಾಮೈದ ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತ ಕೊಡುತ್ತಲೇ ದೂರವಾದರು. ಗಂಡಸರು ಈ ವಿದ್ಯೆಯನ್ನು ಎಲ್ಲಿ ಕಲಿಯುತ್ತಾರೋ ಕಾಣೆ, ಎಲ್ಲರೂ ಚೆನ್ನಾಗಿಯೇ ಕಲಿತಿರುತ್ತಾರೆ.

ಗುಂಯ್‌ರಾಯನಿಗೆ ಮಕ್ಕಳಿರಲಿಲ್ಲ. ಒಂದು ತಟ್ಟೆ, ಒಂದು ಲೋಟ ತೊಳೆದರೆ ಮನೆಕೆಲಸ ಮುಗಿಯಿತು. ಸಂಜೆ ಅಡುಗೆಮನೆಯಲ್ಲಿ ಫ್ರಿಜ್ಜು ಗುಂಯ್ ಎಂದರೆ ಇವನೂ ಅದೇ ಸ್ವರ ಹಿಡಿದು ಗುಂಯ್ ಎನ್ನುವುದು, ಅದು ನಿಂತಾಗ ಎದುರಿನವರು ಮಾತು ಮುಗಿಸಿದ ಹಾಗಾಗಿ ಇವನೂ ಏಳುವುದು, ಹೀಗೊಂದು ಅಭ್ಯಾಸ ಅವನಿಗೆ ತಿಳಿಯದಂತೆ ಬೆಳೆದಿತ್ತು. ಅವನು ನಂಬಿಕೊಂಡಿದ್ದದ್ದು ಆ ಆಂಪನ್ನು. ಅದು ಭಾಮೈದನದು, ಇಲ್ಲೇ ಇದೆ. ಇವತ್ತಲ್ಲ ನಾಳೆ ಒಯ್ಯುವುದಕ್ಕಾದರೂ ಅವನು ಬರಲೇಬೇಕು. ಬಂದರೆ ಕೂರಿಸಿ ಮಾತಾಡಿಸಬಹುದು. ಈ ಮನೆಗೆ ಬರುವ ನೆಂಟರು ಎಂದು ಹೇಳಿಕೊಳ್ಳಲು ಉಳಿದಿದ್ದವನು ಅವನೊಬ್ಬನೇ. ಆದ್ದರಿಂದ ಗುಂಯ್‌ರಾಯ ವಾರಕ್ಕೊಮ್ಮೆ ಆಂಪಿನ ಧೂಳು ಒರೆಸುತ್ತಿದ್ದ. ಹಳೆಯ ಪರದೆಯಲ್ಲಿ ಹೆಂಡತಿಯೇ ಹೊಲಿದಿದ್ದ ಹೊದಿಕೆಯನ್ನು ಮತ್ತೆ ಹೊದಿಸುತ್ತಿದ್ದ. ಗುಂಡಿಗಳನ್ನು ಮುಟ್ಟುತ್ತಿರಲಿಲ್ಲ.

ಹೀಗಿರುವಾಗ ಪಿ.ಟಿ. ಮೇಷ್ಟ್ರಿಗೆ ಬೇರೆ ಊರಿಗೆ ವರ್ಗವಾಯಿತು.

"ಹತ್ತೊಂಬತ್ತು ವರ್ಷ ಬಾರಿಸಿದ್ದಕ್ಕೆ ಒಂದು ಗುರುತು ಬೇಡವೇನೋ?" ಎಂದರು. "ನಮ್ಮ ನಾಲ್ಕು ಹಾಡು ರೆಕಾರ್ಡ್ ಮಾಡಿಸೋಣ. ಮುಂದೆ ಯಾರಾದ್ರೂ ನಂಬದೇ ಹೋದ್ರೆ ತೋರಿಸೋಕಾಗುತ್ತೆ."

"ಗಿಟಾರಿಗೆ?"

"ನಿನ್ನ ಭಾಮೈದನ್ನ ನೀನೇ ಕೇಳು. ನಾನು ಕೇಳಿದ್ರೆ ನಕ್ಕು ಜಾರಿಕೊಳ್ತಾನೆ."

ಗುಂಯ್‌ರಾಯ ಎರಡು ದಿನ ಧೈರ್ಯ ಕೂಡಿಸಿಕೊಂಡು ಫೋನು ಮಾಡಿದ. ಭಾಮೈದ ಜಾರಿಕೊಂಡ.

"ನೀವಿಬ್ರೂ ಮಾಡಿ ಭಾವ. ಅಂಗಡೀಲಿ ಕೈ ಬಿಡುವಿಲ್ಲ."

"ಗಿಟಾರ್ ಇಲ್ದೆ ಏನು ಮಾಡೋದಪ್ಪ?"

ಆ ಕಡೆ ಗಾಜು ಉಜ್ಜುವ ಯಂತ್ರದ ಸದ್ದು ಸ್ವಲ್ಪ ಹೊತ್ತು ಕೇಳಿಸಿತು. "ಆಂಪ್ ಅಲ್ಲೇ ಇದೆಯಲ್ಲ. ಅದಕ್ಕೇ ಬೇಸ್ ಹಾಕಿ ಬಾರಿಸಿ. ಎಷ್ಟೋ ಜನ ಹಾಗೆ ಮಾಡ್ತಾರೆ."

ಬಾಯಿಗೆ ಬಂದದ್ದು ಹೇಳಿ ಕೈ ತೊಳೆದುಕೊಂಡ ಮಾತದು. ಗುಂಯ್‌ರಾಯ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ. ಅವನ ತಲೆಯಲ್ಲಿ ಒಂದು ಹಂಚಿಕೆ ಮೊಳೆಯಿತು. ನಾಲ್ಕೂ ಹಾಡನ್ನು ಬೇಸ್, ಡ್ರಮ್ಸ್‌ನಲ್ಲೇ ಮುಗಿಸುವುದು, ಮೂರನೆಯ ಹಾಡಿನ ಆ ಎಂಟು ಸುತ್ತನ್ನು ಮಾತ್ರ ಖಾಲಿ ಬಿಟ್ಟು ಅವನಿಗೆ ಕಳಿಸುವುದು. ತನ್ನ ಜಾಗ ಹಾಗೆ ಬಾಯಿ ತೆರೆದುಕೊಂಡು ಬಿದ್ದಿರುವುದನ್ನು ಕೇಳಿದರೆ ಅವನ ಕೈ ತುರಿಸದೆ ಇರುವುದಿಲ್ಲ. ಬಂದೇ ಬರುತ್ತಾನೆ.

ಹೀಗೆ ಆಂಪ್ ತನ್ನ ಚೌಕ ಬಿಟ್ಟು ಎದ್ದದ್ದು.

ರೆಕಾರ್ಡಿಂಗ್ ಕೋಣೆ ಇದ್ದದ್ದು ಒಂದು ಮುದ್ರಣಾಲಯದ ನೆಲಮಾಳಿಗೆಯಲ್ಲಿ. ನಡೆಸುತ್ತಿದ್ದ ಹೆಂಗಸಿಗೆ ಅರವತ್ತರ ಮೇಲೆ ವಯಸ್ಸು. ಮೈಕಿನ ವಿಷಯ ಬಿಟ್ಟರೆ ಅವರಿಗೆ ಬೇರೆ ಮಾತಿರಲಿಲ್ಲವಾದ್ದರಿಂದ ಎಲ್ಲರ ಬಾಯಲ್ಲಿ ಮೈಕಮ್ಮ. ಮೇಲೆ ಮುದ್ರಣದ ಯಂತ್ರ ಓಡುವಾಗ ನೆಲವೆಲ್ಲ ನಡುಗಿ, ಆ ನಡುಕ ಬೇಸಿನ ತಗ್ಗು ಸ್ವರಗಳೊಳಗೆ ಸೇರಿಕೊಳ್ಳುತ್ತಿತ್ತು. ಹಾಗಾಗಿ ಮೇಲಿನವರು ಊಟಕ್ಕೆಂದು ಯಂತ್ರ ನಿಲ್ಲಿಸುವ ಒಂದರಿಂದ ಎರಡು ಗಂಟೆಯ ನಡುವೆಯೇ ಬೇಸಿನ ಕೆಲಸ ಆಗಬೇಕು. ದಿನಕ್ಕೊಂದು ಹಾಡಿನಂತೆ ನಾಲ್ಕು ದಿನ. ಗುಂಯ್‌ರಾಯ ನಾಲ್ಕು ದಿನದ ಮಧ್ಯಾಹ್ನದ ಊಟಕ್ಕೆ ತಿಲಾಂಜಲಿ ಕೊಟ್ಟ.

ಮೊದಲ ದಿನ ಮೈಕಮ್ಮ ಆಂಪಿನ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಇದು ಗಿಟಾರಿನ ಆಂಪು. ನಿಮ್ಮ ಬೇಸನ್ನ ಇದಕ್ಕೆ ಇಡಿಯಾಗಿ ಕುಡಿಸಿದ್ರೆ ಸ್ಪೀಕರಿನ ಕಾಗದ ಹರಿದು ಕೈಗೆ ಬರುತ್ತೆ."

ಗುಂಯ್‌ರಾಯ ಬೇಸನ್ನು ಹಿಂದಕ್ಕೆ ಎಳೆದುಕೊಂಡ. "ಹಾಗಾದ್ರೆ ಬೇಡ ಬಿಡಿ. ಇದು ಇನ್ನೊಬ್ಬರದು."

"ಇಡಿಯಾಗಿ ಕುಡಿಸಿದ್ರೆ ಅಂದೆ. ಪೂರ್ತಿ ಕೇಳಿಸಿಕೊಳ್ರೀ."

ಅವರು ಬೇಸಿನಿಂದ ಬಂದ ವಯರನ್ನು ಒಂದು ಸಣ್ಣ ಡಬ್ಬಿಗೆ ಸಿಕ್ಕಿಸಿ ಎರಡು ಕವಲು ಮಾಡಿದರು. ಒಂದು ಕವಲು ಯಾವ ಆಂಪಿನ ಹಂಗೂ ಇಲ್ಲದೆ ನೇರ ಅವರ ಮೇಜಿಗೆ ಹೋಯಿತು. ಅದು ಶುದ್ಧ ದನಿ; ತಳದ ಭಾರ ಹೊರುವುದು ಅದರ ಪಾಲು. ಇನ್ನೊಂದು ಕವಲಿನಲ್ಲಿ ತಗ್ಗು ಸ್ವರದ ಭಾಗವನ್ನು ಸೋಸಿ ತೆಗೆದು ಉಳಿದದ್ದನ್ನು ಮಾತ್ರ ಆಂಪಿಗೆ ಕೊಟ್ಟರು. ಅಲ್ಲಿ ಅದು ಒಡೆದು, ಗೊಗ್ಗರಾಗಿ, ಗುರುಗುಟ್ಟಬೇಕು. ಆಮೇಲೆ ಎರಡನ್ನೂ ಬೆರೆಸಿದರೆ ಒಬ್ಬ ಬಾರಿಸಿದ್ದು ಇಬ್ಬರು ಬಾರಿಸಿದ ಹಾಗೆ ಕೇಳಿಸುತ್ತದೆ ಎಂದರು. ಸ್ಪೀಕರಿನ ಬಟ್ಟೆಯಿಂದ ಎರಡು ಬೆರಳು ದೂರದಲ್ಲಿ, ನಟ್ಟನಡುವಿನಿಂದ ಸ್ವಲ್ಪ ಪಕ್ಕಕ್ಕೆ, ಮಗುವಿನ ಬಾಯಿಗೆ ಚಮಚ ಹಿಡಿಯುವಷ್ಟು ಹುಷಾರಾಗಿ ಮೈಕು ನಿಲ್ಲಿಸಿದರು.

ಗುಂಯ್‌ರಾಯ ಬಾರಿಸಿದ. ಆಂಪ್ ಗಂಟಲು ಕಟ್ಟಿದವರ ಹಾಗೆ ಕೆಮ್ಮಿತು.

"ಮೊದಲನೇ ಗುಂಡಿ ಪೂರ್ತಿ ತಿರುಗಿಸಿ. ಒಡೀಬೇಕು ದನಿ, ಒಡೀತಾನೇ ಇಲ್ಲ."

"ಚುಕ್ಕಿ ಅಲ್ಲಿಲ್ವಲ್ಲ," ಎಂದ ಗುಂಯ್‌ರಾಯ.

"ಯಾವ ಚುಕ್ಕಿ?"

ಅವನು ತೋರಿಸಿದ. ಯಾರು ಇಟ್ಟದ್ದು, ಯಾಕೆ ಇಟ್ಟದ್ದು, ಎಲ್ಲ ಹೇಳಿದ. ಇಷ್ಟು ಉದ್ದದ ಮಾತು ಅವನ ಬಾಯಿಂದ ಬಂದು ಎಷ್ಟೋ ತಿಂಗಳಾಗಿತ್ತು. ಮೈಕಮ್ಮ ಗಡಿಯಾರ ನೋಡಿಕೊಂಡೇ ಕೇಳಿಸಿಕೊಂಡರು.

"ಆ ಚುಕ್ಕಿ ಗಿಟಾರಿಗೆ ಇಟ್ಟಿದ್ದು. ನಿಮ್ಮ ಕೈಲಿರೋದು ಬೇಸು. ಹೊರಡುವಾಗ ಮತ್ತೆ ಚುಕ್ಕಿಗೇ ತಂದಿಡಿ, ಯಾರು ಬೇಡ ಅಂತಾರೆ?"

ಗುಂಯ್‌ರಾಯ ಗುಂಡಿಗೆ ಬೆರಳು ಹಚ್ಚಿದ. ತಿರುಗಿಸುವ ಮುಂಚೆ ಒಂದು ಸಲ ಬಾಗಿಲ ಕಡೆ ನೋಡಿದ. ಅಲ್ಲಿ ಸದ್ದು ಹೊರಹೋಗದಂತೆ ಸ್ಪಂಜು ಹೊಡೆದ ಬಾಗಿಲು ಮುಚ್ಚಿಕೊಂಡಿತ್ತು. ಗುಂಡಿ ಚುಕ್ಕಿ ಬಿಟ್ಟು ಸರಿಯಿತು, ಆಂಪ್ ಗುರ್ರೆಂದಿತು. ಮೇಷ್ಟ್ರು ಕೋಲು ಮೇಲೆತ್ತಿ "ಆಹಾ" ಎಂದರು.

ಆದರೆ ಎರಡೂ ದನಿ ಸೇರಿಸಿ ಕೇಳಿಸಿದಾಗ ಮೂವರ ಮುಖವೂ ಇಳಿಯಿತು. ಬರೀ ಶುದ್ಧ ದನಿ ಕೇಳಿದರೆ ಚೆನ್ನಾಗಿತ್ತು, ಬರೀ ಒಡೆದ ದನಿ ಕೇಳಿದರೂ ಚೆನ್ನಾಗಿತ್ತು, ಕೂಡಿಸಿದರೆ ಮಾತ್ರ ಹೊಟ್ಟೆಯೇ ಇಲ್ಲದ ಹಾಗೆ ಬಡಕಲು.

"ಒಂದು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೀತಿದೆ," ಎಂದರು ಮೈಕಮ್ಮ. "ಎರಡೂ ಸೇರಿ ಸೊನ್ನೆ."

ಲಿಫ್ಟಿನವನಿಗೆ ಇದು ಅರ್ಥವಾಗದ ವಿಷಯವೇ? ಲಿಫ್ಟ್ ಮೇಲೆ ಹೋದರೆ ಎದುರು ತೂಕ ಕೆಳಗೆ ಬರುತ್ತದೆ, ಅವನ ಅನ್ನವೇ ಅದು. ಮೈಕಮ್ಮ ಒಂದು ಗುಂಡಿ ಒತ್ತಿದರು, ಒಡೆದ ದನಿಯನ್ನು ಒಂದು ಕೂದಲಿನಷ್ಟು ಹಿಂದಕ್ಕೆ ಸರಿಸಿದರು. ಎರಡೂ ಒಂದೇ ಕಡೆಗೆ ತಳ್ಳಿದ್ದೇ, ಕುರ್ಚಿಯ ಕಾಲಿನಿಂದ ಹಿಡಿದು ಎದೆಯವರೆಗೆ ಕೋಣೆ ತುಂಬಿಕೊಂಡಿತು. ಗುಂಯ್‌ರಾಯ ತನ್ನ ಕೈಗಳನ್ನು ತಾನೇ ತಿರುಗಿಸಿ ತಿರುಗಿಸಿ ನೋಡಿಕೊಂಡ.

ಎರಡು ದಿನ, ಎರಡು ಹಾಡು. ಅವನು ಬಾರಿಸುವ ರೀತಿಯೇ ಬದಲಾಯಿತು. ಒಂದೇ ತಂತಿಯ ಬದಲು ಎರಡು ತಂತಿ ಕೂಡಿಸಿ ಎಳೆದರೆ ಆಂಪ್ ಅದನ್ನು ಹಿಗ್ಗಿಸಿ ಹಿಗ್ಗಿಸಿ ಹಾಡಿನ ಮೂಲೆ ಮೂಲೆಗೂ ಹಚ್ಚುತ್ತಿತ್ತು. ಮಧ್ಯಾಹ್ನ ಆಗುವುದನ್ನೇ ಅವನು ಕಾಯತೊಡಗಿದ. ಎರಡು ವರ್ಷದಲ್ಲಿ ಅವನು ಕಾಯುವುದಕ್ಕೆ ಹೊಸದೊಂದು ಸಿಕ್ಕಿದ್ದು ಅದೇ ಮೊದಲು.

ಮೂರನೆಯ ದಿನ ಮೂರನೆಯ ಹಾಡು. ಹಂಚಿಕೆಯ ಪ್ರಕಾರ ಗುಂಯ್‌ರಾಯ ಆ ಎಂಟು ಸುತ್ತಿನಲ್ಲಿ ಕೈ ಎತ್ತಿಬಿಟ್ಟ. ಮೇಷ್ಟ್ರು ಒಬ್ಬರೇ ಪಿಸುಗುಟ್ಟಿದರು. ಹಾಡು ಮುಗಿಸಿ ಕೇಳಿಸಿಕೊಳ್ಳುವಾಗ ಮೈಕಮ್ಮ ನಿಲ್ಲಿಸಿದರು.

"ಇಲ್ಲಿ ಏನಾಯ್ತು? ವಯರು ಕಿತ್ತು ಬಂತಾ?"

"ಇಲ್ಲ. ಅದು ಗಿಟಾರಿನ ಜಾಗ."

"ಗಿಟಾರ್ ಎಲ್ಲಿ?"

"ಬರುತ್ತೆ."

"ಯಾವಾಗ?"

ಗುಂಯ್‌ರಾಯ ಬೇಸಿನ ತಂತಿ ಒರೆಸತೊಡಗಿದ. ಮೇಲೆ ಯಂತ್ರ ಶುರುವಾಗಲು ಇನ್ನೂ ಇಪ್ಪತ್ತೈದು ನಿಮಿಷ ಇತ್ತು.

"ಸುಮ್ನೆ ಒಂದ್ಸಲ ನೀವೇ ಅಲ್ಲಿ ಏನಾದ್ರೂ ಬಾರಿಸಿ," ಎಂದರು ಮೈಕಮ್ಮ. "ಬೇರೆಯಾಗಿ ಹಿಡಿದಿಡ್ತೀನಿ. ಬೇಡ ಅಂದ್ರೆ ತೆಗೆದ್ರಾಯ್ತು."

ಹೆಡ್‌ಫೋನ್ ಹಾಕಿಕೊಂಡು ಗುಂಯ್‌ರಾಯ ನಿಂತ. ಆ ಜಾಗ ಹತ್ತಿರ ಬಂತು. ವರ್ಷಗಟ್ಟಲೆ ಅವನು ಕೈ ಕಟ್ಟಿ ಕೇಳಿದ್ದ ಎಂಟು ಸುತ್ತು ಅದು. ಅದರ ಒಂದೊಂದು ಏರಿಳಿತವೂ ಅವನ ಬೆರಳಿಗೆ ಬಾಯಿಪಾಠವಾಗಿದೆ ಎಂದು ಅವನಿಗೇ ಗೊತ್ತಿರಲಿಲ್ಲ. ಎಡಗೈ ತಾನಾಗಿ ಮೇಲಿನ ಸ್ವರಗಳ ಮನೆಗಳಿಗೆ ಹತ್ತಿತು. ದಪ್ಪ ತಂತಿಯ ಸ್ವರ ಆಂಪಿನೊಳಗೆ ಹೋಗಿ ಒಡೆದು, ಅತ್ತು ಅತ್ತು ಗಂಟಲು ಬಿದ್ದವರು ಹಾಡಿದ ಹಾಗೆ ಹೊರಗೆ ಬಂತು. ಭಾಮೈದ ಅಲ್ಲಿ ನಯವಾಗಿ ಹತ್ತುತ್ತಿದ್ದ. ಇದು ಮಂಡಿಯೂರಿಕೊಂಡು ಹತ್ತಿತು, ಆದರೆ ಹತ್ತಿತು. ಇಳಿಯುವಾಗ ಗುಂಯ್‌ರಾಯನ ಕಣ್ಣಲ್ಲಿ ನೀರಿತ್ತು. ಹೆಡ್‌ಫೋನಿನಲ್ಲಿ ಇಬ್ಬರಿದ್ದರು, ಅವನು ಒಂಟಿಯಾಗಿರಲಿಲ್ಲ.

ಮೇಷ್ಟ್ರು ಕೋಲು ಕೆಳಗಿಟ್ಟರು. "ಇನ್ನು ಗಿಟಾರ್ ಯಾಕೋ ಬೇಕು?"

ಮೈಕಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಗುಂಯ್‌ರಾಯ ನಕ್ಕ. ತನ್ನ ನಗು ಬೇರೆಯವರ ನಗುವಿನ ಜೊತೆ ಸೇರಿದ್ದನ್ನು ಕೇಳಿ ಎಷ್ಟು ಕಾಲವಾಗಿತ್ತೋ. ಆ ಸಂತೋಷದಲ್ಲಿ ಖಾಲಿ ಬಿಡುವ ಹಂಚಿಕೆ ಗಾಳಿಗೆ ಹಾರಿಹೋಯಿತು. ಚೆನ್ನಾಗಿ ಮಾಡಿದ್ದನ್ನು ಮೊದಲು ಯಾರಿಗೆ ತೋರಿಸಬೇಕು ಅನ್ನಿಸುತ್ತದೆಯೋ ಅವನಿಗೆ ತೋರಿಸುವ ಆತುರವೊಂದೇ ಉಳಿಯಿತು. ಅವತ್ತೇ ಮಧ್ಯಾಹ್ನ, ಹನ್ನೊಂದನೆಯ ಮಹಡಿಯ ಮೇಲಿನ ಮೋಟಾರು ಕೋಣೆಯಲ್ಲಿ ಕೂತು, ಗ್ರೀಸಿನ ಬೆರಳಲ್ಲೇ ಅದನ್ನು ಭಾಮೈದನಿಗೆ ಕಳಿಸಿದ. ಜೊತೆಗೆ 'ಕೇಳು, ಹೇಗಿದೆ?' ಎಂದು ಬರೆದ. 'ಬಾ' ಎಂಬ ಒಂದಕ್ಷರ ಅವನಿಗೆ ಹೊಳೆಯಲೇ ಇಲ್ಲ.

ಉತ್ತರ ಮರುದಿನ ಬೆಳಿಗ್ಗೆ ಬಂತು. ಆಗ ಅವನು ಎರಡು ಮಹಡಿಗಳ ನಡುವೆ ಲಿಫ್ಟಿನ ನೆತ್ತಿಯ ಮೇಲೆ ನಿಂತು ಹಗ್ಗಕ್ಕೆ ಎಣ್ಣೆ ಹಚ್ಚುತ್ತಿದ್ದ.

'ಭಾವ, ಮೂರು ಸಲ ಕೇಳಿದೆ. ಆ ಜಾಗ ನನಗಿಂತ ಚೆನ್ನಾಗಿ ತುಂಬಿದ್ದೀರಿ. ನಿಮ್ಮ ಕೈ ಬಿಟ್ಟೆ ಅಂತ ಎರಡು ವರ್ಷದಿಂದ ಒಳಗೇ ಕೊರಗ್ತಿದ್ದೆ. ಈಗ ಮನಸ್ಸು ಹಗುರಾಯ್ತು. ಇನ್ನು ನಾನು ಇಲ್ದಿದ್ರೂ ನಡೆಯುತ್ತೆ. ಆಂಪ್ ನೀವೇ ಇಟ್ಕೊಳ್ಳಿ. ಇವತ್ತಿಂದ ಅದು ನಿಮ್ಮದೇ.'

ಗುಂಯ್‌ರಾಯ ಓದಿದ. ಮತ್ತೆ ಓದಿದ. ಕೆಳಗೆ ಯಾರೋ ಲಿಫ್ಟಿನ ಗುಂಡಿ ಒತ್ತುತ್ತಲೇ ಇದ್ದರು, ರಿಪೇರಿಯ ಫಲಕ ನೋಡುವ ವ್ಯವಧಾನ ಅವರಿಗಿರಲಿಲ್ಲ. ಆಂಪನ್ನು ವಾಪಸು ಕೇಳಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಕೇಳಿದವನು ಒಯ್ಯಲು ಬಾಗಿಲಿಗಾದರೂ ಬರಬೇಕಿತ್ತು. ಕೊಟ್ಟುಬಿಟ್ಟವನು ಇನ್ನು ಯಾತಕ್ಕೆ ಬರುತ್ತಾನೆ? ಕರೆಯುವುದಕ್ಕೆಂದು ಹೊರಟವನು ತಾನೇ ಅವನ ಕುರ್ಚಿಯಲ್ಲಿ ಕೂತು, ನೋಡು ಎಷ್ಟು ಚೆನ್ನಾಗಿ ಕೂತಿದ್ದೇನೆ ಎಂದು ತೋರಿಸಿ ಬಂದ ಹಾಗಾಯಿತು. ಆ ಕತ್ತಲು ಕೊಳವೆಯಂಥ ಜಾಗದಲ್ಲಿ ಹಗ್ಗ ಹಿಡಿದುಕೊಂಡು ಅವನು ಅತ್ತ. ಹೆಂಡತಿ ಹೋದ ದಿನ ಅಳಲು ಜನ ಬಿಟ್ಟಿರಲಿಲ್ಲ. ಇಲ್ಲಿ ಯಾರೂ ಇರಲಿಲ್ಲ.

ಒಂದು ಗಂಟೆಗೆ ನೆಲಮಾಳಿಗೆಗೆ ಹೋದವನೇ, "ನಿನ್ನೆ ಹಾಕಿದ ಆ ಎಂಟು ಸುತ್ತು ತೆಗೆದುಬಿಡಿ" ಎಂದ.

ಮೈಕಮ್ಮ ಅವನನ್ನು ಮೇಲಿನಿಂದ ಕೆಳಗೆ ನೋಡಿದರು. "ಈ ಕೋಣೇಲಿ ನಾನು ಹಿಡಿದ ಒಳ್ಳೇ ದನಿಗಳಲ್ಲಿ ಅದೂ ಒಂದು. ಎಲ್ಲಿ ಕೆಟ್ಟಿದೆ ಹೇಳಿ."

"ಕೆಟ್ಟಿಲ್ಲ. ಚೆನ್ನಾಗಿರೋದೇ ತೊಂದರೆ." ಗುಂಯ್‌ರಾಯ ಫೋನನ್ನು ಅವರ ಮುಂದೆ ಹಿಡಿದ. "ಅವನನ್ನ ಕರೆಸೋಣ ಅಂತ ಶುರು ಮಾಡಿದ್ದು ನಾನು. ಕೊನೆಗೆ ಅವನನ್ನೇ ದೂರ ಕಳಿಸಿಬಿಟ್ಟೆ."

ಮೈಕಮ್ಮ ಓದಿ ಫೋನು ವಾಪಸು ಕೊಟ್ಟರು. ಆಮೇಲೆ ಮೇಜಿನ ಮೇಲೆ ಆ ದನಿಯನ್ನು ಏರಿಸಿ ಇಳಿಸುವ ಕಡ್ಡಿಯನ್ನು ತಳದವರೆಗೂ ಎಳೆದರು. ಹಾಡು ಓಡಿತು. ಆ ಜಾಗ ಬಂತು, ಬೇಸ್ ಬಾಯಿ ಮುಚ್ಚಿತು, ಇಪ್ಪತ್ತು ಸೆಕೆಂಡು ಡ್ರಮ್ಸ್ ಒಂದೇ ಪಿಸುಗುಟ್ಟಿತು.

"ಜನ್ಮದಲ್ಲಿ ನನಗೊಬ್ಬನಿಗೇ ಅಂತ ಸಿಕ್ಕಿದ ಜಾಗ ಇದೇ ಮೊದಲು," ಎಂದರು ಮೇಷ್ಟ್ರು. "ಗೊತ್ತಿದ್ರೆ ಸ್ವಲ್ಪ ಜೋರಾಗಿ ಬಾರಿಸ್ತಿದ್ದೆ."

ನಾಲ್ಕನೆಯ ಹಾಡನ್ನು ಅವತ್ತೇ ಮುಗಿಸಿದರು. ಮೇಷ್ಟ್ರು ಹೊರಡುವಾಗ ಗುಂಯ್‌ರಾಯನ ಬೆನ್ನು ತಟ್ಟಿ, ಪತ್ರ ಬರೀತಿರೋಣ ಎಂದರು. ಇಬ್ಬರೂ ಬರೆಯುವವರಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಗುಂಯ್‌ರಾಯ ಕೆಲಸಕ್ಕೆ ರಜೆ ಹಾಕಿ ಬಸ್ಸು ಹತ್ತಿದ. ಫೋನಿನಲ್ಲಿ ಕಳಿಸಲು ಈ ಸಲ ಅವನಿಗೆ ಧೈರ್ಯವಿರಲಿಲ್ಲ. ಕನ್ನಡಕದಂಗಡಿಯ ಮುಂಭಾಗದಲ್ಲಿ ಕಣ್ಣಿಲ್ಲದ ನೂರಾರು ಕನ್ನಡಕಗಳು ಬಾಗಿಲನ್ನೇ ನೋಡುತ್ತಿದ್ದವು. ಹಿಂದಿನ ಕೊಠಡಿಯಲ್ಲಿ ಭಾಮೈದ ಏಪ್ರನ್ ಕಟ್ಟಿಕೊಂಡು, ತಿರುಗುವ ಕಲ್ಲಿಗೆ ಒಂದು ಗಾಜು ಹಿಡಿದಿದ್ದ. ತಲೆಯಲ್ಲಿ ಬಿಳಿ ಕೂದಲು ಹೆಚ್ಚಾಗಿತ್ತು, ಅಥವಾ ಅದು ಗಾಜಿನ ಪುಡಿಯೋ. ಭಾವನನ್ನು ನೋಡಿ ಅವನು ಯಂತ್ರ ನಿಲ್ಲಿಸಿದ. ಕೂರಲು ಸ್ಟೂಲು ಎಳೆದುಕೊಟ್ಟು ತಾನು ನಿಂತ.

"ಇದನ್ನ ಒಂದು ಕೇಳು," ಎಂದು ಗುಂಯ್‌ರಾಯ ಹೆಡ್‌ಫೋನ್ ಕೊಟ್ಟ.

"ಕೇಳಿದೆನಲ್ಲ ಭಾವ."

"ಇದು ಬೇರೆ."

ಭಾಮೈದ ಕೇಳತೊಡಗಿದ. ಗುಂಯ್‌ರಾಯ ಅವನ ಮುಖ ನೋಡಲಾರದೆ ಕೈ ನೋಡುತ್ತಿದ್ದ. ಆ ಜಾಗ ಬಂದದ್ದು ಅವನಿಗೆ ಹಾಡು ಕೇಳದೆಯೇ ತಿಳಿಯಿತು. ಭಾಮೈದನ ಎಡಗೈಯ ನಾಲ್ಕು ಬೆರಳು ಏಪ್ರನ್ನಿನ ಮೇಲೆ ಒಂದೊಂದಾಗಿ ಒತ್ತಿ, ಮೇಲೆ ಹತ್ತಿ, ಇಳಿದವು. ಎಂಟನೆಯ ಸುತ್ತಿಗೆ ನಿಂತವು. ಅವನು ಹೆಡ್‌ಫೋನ್ ತೆಗೆದ.

"ಇಲ್ಲಿ ಖಾಲಿ ಇದೆ."

"ಹೌದು."

"ಮೊದಲು ಕಳಿಸಿದ್ದರಲ್ಲಿ ಇತ್ತು."

"ನಾನು ತುಂಬಬಾರದಿತ್ತು. ಚೆನ್ನಾಗಿ ಬಂತು, ಅದಕ್ಕೆ ಬುದ್ಧಿ ಕೆಟ್ಟಿತು." ಗುಂಯ್‌ರಾಯ ಸ್ಟೂಲಿನ ಮೇಲೆ ಮುಂದಕ್ಕೆ ಸರಿದ. "ನೀನು ಇಲ್ದಿದ್ರೂ ನಡೆಯುತ್ತೆ ಅಂತ ಬರೆದೆಯಲ್ಲ, ನಡೆಯೋದಿಲ್ಲಪ್ಪ. ಹಾಡು ನಡೀಬಹುದು. ನನಗೆ ನಡೆಯೋದಿಲ್ಲ."

ಭಾಮೈದ ಉಜ್ಜುತ್ತಿದ್ದ ಗಾಜನ್ನು ಎತ್ತಿಕೊಂಡು ಬೆಳಕಿಗೆ ಹಿಡಿದ, ಮತ್ತೆ ಕೆಳಗಿಟ್ಟ.

"ನನ್ನಿಂದ ಅಲ್ಲಿ ಬಾರಿಸೋಕೆ ಆಗಲ್ಲ ಭಾವ. ಆ ಜಾಗ ಬಂದಾಗ ಕಣ್ಣು ಬಾಗಿಲ ಕಡೆ ಹೋಗುತ್ತೆ."

"ನನಗೂ ಹೋಗುತ್ತೆ."

ಎರಡು ವರ್ಷದಲ್ಲಿ ಒಮ್ಮೆಯೂ ಆಡದಿದ್ದ ಮಾತು ಅಷ್ಟೇ ಆಗಿತ್ತು. ಮುಂಭಾಗದಿಂದ ಯಾರೋ ಗಿರಾಕಿ ಕರೆದರು, ಭಾಮೈದ ಅಲುಗಲಿಲ್ಲ.

"ಬಾ ಅಂತ ಬಲವಂತ ಮಾಡೋಲ್ಲ," ಎಂದ ಗುಂಯ್‌ರಾಯ ಎದ್ದು ನಿಂತು. "ಆಂಪ್ ಮಾತ್ರ ನನಗೆ ಬೇಡ. ಅದು ನಿನ್ನದು. ಬೇಕಾದಾಗ ಬಂದು ತಗೊಂಡು ಹೋಗು."

ಭಾಮೈದ ಏಪ್ರನ್ನಿನ ಮೇಲಿನ ಗಾಜಿನ ಪುಡಿ ಕೊಡವಿದ. "ಸರಿ, ನನ್ನದೇ ಅಂತಾಗ್ಲಿ," ಎಂದ ಕೊನೆಗೆ. "ಆದ್ರೆ ಅಲ್ಲೇ ಇರ್ಲಿ." ಗುಂಯ್‌ರಾಯ ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಕೇಳಿದ. "ಭಾವ, ಗುಂಡಿಗಳನ್ನ ಚುಕ್ಕಿಯಿಂದ ಅಲುಗಿಸಿದ್ರಾ?"

"ಅಲುಗಿಸಿದೆ."

"ಹಾಗಾದ್ರೆ ಟೀ ಇಲ್ಲ ನಿಮಗೆ," ಎಂದ ಭಾಮೈದ. ನಗಲು ನೋಡಿದ, ದನಿ ಒಡೆಯಿತು, ತಿರುಗಿ ಯಂತ್ರ ಶುರು ಮಾಡಿದ.

ಸಂಜೆಗೆ ನೆಲಮಾಳಿಗೆಯಿಂದ ಆಂಪ್ ಮನೆಗೆ ಬಂತು. ಗುಂಯ್‌ರಾಯ ಅದನ್ನು ನೆಲದ ಚೌಕದ ಮೇಲೆ ಅಂಚಿಗೆ ಅಂಚು ಕೂಡಿಸಿ ಇಟ್ಟ. ಕನ್ನಡಕ ಏರಿಸಿಕೊಂಡು, ಬಗ್ಗಿ, ಮೂರು ಗುಂಡಿಗಳನ್ನೂ ಒಂದೊಂದಾಗಿ ಕೆಂಪು ಚುಕ್ಕಿಗೆ ತಂದು ನಿಲ್ಲಿಸಿದ. ಹೊದಿಕೆ ಹೊದಿಸಿದ. ಭಾನುವಾರಕ್ಕೆ ಇನ್ನೂ ಎರಡು ದಿನವಿತ್ತು, ಭಾಮೈದ ಬರುತ್ತಾನೆಂದು ಯಾರೂ ಹೇಳಿರಲಿಲ್ಲ. ಅಡುಗೆಮನೆಗೆ ಹೋಗಿ ಟೀಗೆ ನೀರಿಟ್ಟವನು, ನೆನಪಾಗಿ, ಒಲೆ ಆರಿಸಿ ಹೊರಗೆ ಬಂದು ಕೂತ.